ಮಂಗಳವಾರ, ಗುರುವಾರ, ಶನಿವಾರ

ಬೆಳಗಿನ ಐದೂವರೆಗೆ ಆರ್ಡ್‌ಮೋರಿನಲ್ಲಿ
ಗಾಳಿಯೊಂದೇ ಎದ್ದಿರುತ್ತದೆ, ಆಮೇಲೆ ನಾನು,
ಆಮೇಲೆ ಈ ನಾಲ್ವರು.
ತೂಕ ನೋಡಿ, ಸೂಜಿ ಚುಚ್ಚಿ,
ರಕ್ತವನ್ನು ಯಂತ್ರಕ್ಕೆ ಒಪ್ಪಿಸಿದ ಮೇಲೆ
ನಾಲ್ಕು ತಾಸು ಏನು ಮಾಡಬೇಕು?

ಜಗಳ.

ಮೂರನೇ ಕುರ್ಚಿಯ ವರ್ಲನ್ ಟ್ಯಾಕೆಟ್,
ನಲವತ್ತು ವರ್ಷ ಎಣ್ಣೆಬಾವಿ ಕಾಯ್ದವನು,
ಕ್ಲೆಮ್ ಡ್ರಿಸ್ಕಲ್ ಆದಮೇಲೆ ಈ ದೇಶದಲ್ಲಿ
ಯಾರೂ ಹಾಡಿಲ್ಲ ಅನ್ನುತ್ತಾನೆ.
ಹಾಡಿಲ್ಲ ಅಂದರೆ ಹಾಡಿಲ್ಲ.
ಡ್ರಿಸ್ಕಲ್ ಕೂಡ ಮೂರನೇ ಆಲ್ಬಮ್ಮಿನವರೆಗೆ ಮಾತ್ರ,
ಆಮೇಲೆ ಪಿಟೀಲು ಬಿಟ್ಟು ಪಿಯಾನೋ ಕಟ್ಟಿಕೊಂಡು ಹಾಳಾದ.
ಹಾಡಿದ್ದೇ ಹಾಡುವ ಕಿಸಬಾಯಿದಾಸ
ಒಕ್ಲಹೋಮದಲ್ಲೂ ಇದ್ದಾನೆ, ರಕ್ತದೊತ್ತಡ ನೂರಾ ಅರವತ್ತು.

ಲವೀನಾ ಇಂಪ್ಸನ್, ಚಿಕಸಾ ಜನದ ಅಜ್ಜಿ,
ಸೂಜಿಯಿಲ್ಲದ ಕೈಯನ್ನು ನೊಣ ಓಡಿಸುವಂತೆ ಬೀಸಿ:
"ನಿನ್ನ ಡ್ರಿಸ್ಕಲ್ ಮೂಗಿನಿಂದ ಅಳುತ್ತಾನೆ.
ಆರ್ಲೀನ್ ಗೇಟ್ಸ್ ಕೇಳು. ಬಿಟ್ಟುಹೋದ ಗಂಡನಿಗೆ
ಅವನ ಅಮ್ಮನ ಬಾಣಲೆ ಉಜ್ಜಿ ವಾಪಸು ಕೊಡುವ ಹಾಡು.
ಒಂದು ಬೈಗುಳವಿಲ್ಲ ಅದರಲ್ಲಿ.
ಬಾಣಲೆ ಹೊಳೆಯುತ್ತದೆ, ಅಷ್ಟೇ."

ದನದ ಹರಾಜುಕಟ್ಟೆಯ ಯುಸೇಬಿಯೋ ಕರಾಸ್ಕೊನಿಗೆ
ಹಾಡುವವರ ಹೆಸರೇ ಬೇಕಿಲ್ಲ.
ಹಿಂದೆ ಕೂತು ಸ್ಟೀಲ್ ಗಿಟಾರ್ ಸವರಿದವರ ಹೆಸರನ್ನಷ್ಟೇ
ಒಬ್ಬೊಬ್ಬರದಾಗಿ, ಊರಿನ ಸಮೇತ, ಹೇಳುತ್ತಾನೆ.
ಇನ್ನು ಕೀಶಾನ್, ಇಪ್ಪತ್ತಾರು ತುಂಬದ ಹುಡುಗ,
ಮೊನ್ನೆ ಮೊನ್ನೆ ಹಾಡತೊಡಗಿದವರನ್ನೆಲ್ಲ ಫೋನಿನಲ್ಲಿ ಸಾಕಿಕೊಂಡಿದ್ದಾನೆ.
"ಕೇಳಿ ನೋಡಿ, ಬರೀ ಮೂರು ನಿಮಿಷ."

ನಳಿಗೆ ಎಳೆದಷ್ಟೇ ಕೈ. ಏಳುವಂತಿಲ್ಲ ಯಾರೂ.
ಹಾಗಾಗಿ ನಾನೇ ಟಪಾಲಿನವಳು:
ಒಂದು ಕಿವಿಯಿಂದ ಇಯರ್‌ಫೋನ್ ತೆಗೆದು, ಸ್ಪಿರಿಟ್ಟಿನಲ್ಲಿ ಒರೆಸಿ,
ಇನ್ನೊಂದು ಕಿವಿಗೆ.
ಮುಖ ನೋಡುತ್ತೇನೆ. ಹುಬ್ಬು ಸಡಿಲಾದರೆ
ಆ ಕಡೆ ಹೋಗಿ ಹೇಳುವುದಿಲ್ಲ. ಅದು ನನ್ನ ಕೆಲಸವಲ್ಲ.

"ನಿನ್ನದು ಯಾರು?" ಒಮ್ಮೆ ಕೇಳಿದರು.
ನಮ್ಮ ಕಡೆ ಗೀಗೀಪದ ಹಾಡುವಾಗ
ಹಿಂದೆ ಇಬ್ಬರು ನಿಂತು, ಉಸಿರು ಬಿಡದೆ
'ಗೀಯ ಗಾ' ಎಂದು ಎಳೆಯುತ್ತಾರೆ, ಅವರು, ಎಂದೆ.
"ಹೆಸರು?" ಅಂದ ಕರಾಸ್ಕೊ.
ಗೊತ್ತಿಲ್ಲ.
ಅವನು ನನ್ನನ್ನು ನೋಡಿದ ರೀತಿಗೆ
ಇವತ್ತಿಗೂ ನಾಚಿಕೆಯಾಗುತ್ತದೆ.

ಮಾರ್ಚಿಯಲ್ಲಿ ವರ್ಲನ್‌ಗೆ ಟಲ್ಸಾದಿಂದ ಫೋನು ಬಂತು, ಮೂತ್ರಪಿಂಡ ಸಿಕ್ಕಿತು.
ಎಲ್ಲರೂ ಚಪ್ಪಾಳೆ ತಟ್ಟಿದರು, ಒಂದೊಂದೇ ಕೈಯಲ್ಲಿ, ತೊಡೆಗೆ.
ಮೂರನೇ ಕುರ್ಚಿಗೆ ಹೊಸಬ ಬಂದ,
ಹಾಡು ಗೀಡು ಆಗುವುದಿಲ್ಲವಂತೆ, ನಿದ್ದೆ ಮಾಡಿದ.
ಲವೀನಾ ಆರ್ಲೀನ್ ಗೇಟ್ಸಳನ್ನು ಮನಸಾರೆ ಹೊಗಳಿದಳು.
ಯಾರೂ ಬೈಯಲಿಲ್ಲ.
ಹೊಗಳಿಕೆ ಒಲೆಯಿಲ್ಲದ ಬಾಣಲೆಯ ಹಾಗೆ ಕೂತುಬಿಟ್ಟಿತು.

ಒಂಬತ್ತು ವಾರ.
ಹತ್ತನೆಯ ಗುರುವಾರ ಹೊರಗಿನ ಬೆಂಚಿನಲ್ಲಿ
ಮಾಸ್ಕು ಹಾಕಿಕೊಂಡ ಟೋಪಿ. ಒಳಗೆ ಬಿಡುವಂತಿಲ್ಲ, ನಿಯಮ.
"ಇದು ಕೊಡು," ಎಂದ. ಹಳೇ ತೂಕದ ಚೀಟಿ,
ಹಿಂದೆ ಹತ್ತು ಹಾಡುಗಳ ಪಟ್ಟಿ,
ಒಂಬತ್ತು ಡ್ರಿಸ್ಕಲ್‌ನವು. ಹತ್ತನೆಯದು ಬಾಣಲೆ.
ಪಕ್ಕದಲ್ಲಿ: ಕೇಳಿದೆ. ಮೂಗು ಇವಳಿಗೂ ಇದೆ.

ಲವೀನಾ ಎರಡು ಸಲ ಓದಿದಳು.
"ಅವನು ಕೇಳಿದ್ದು ಎರಡನೇ ರೆಕಾರ್ಡಿಂಗು, ಪೆದ್ದ.
ಮೊದಲನೆಯದರಲ್ಲಿ ಮೂಗಿಲ್ಲ. ಹೋಗಿ ಹೇಳು."
"ಗಿಟಾರ್ ನುಡಿಸಿದ್ದು ಯಾರು ಅಂತಲೂ ಕೇಳು," ಅಂದ ಕರಾಸ್ಕೊ.

ಹೊರಗೆ ಬಂದೆ.
ಉಪ್ಪು ತಿಂದವನು ನೀರು ಕುಡಿಯಬೇಕಂತೆ,
ಇಲ್ಲಿ ನಾನು ಐದು ವರ್ಷ ಕಾಯ್ದಿದ್ದು
ಉಪ್ಪೂ ಇಲ್ಲದ, ನೀರೂ ಅಳತೆಯ ಜನರನ್ನು.
ವರ್ಲನ್ ನಲ್ಲಿಯ ಮುಂದೆ ಮಾಸ್ಕು ಕೆಳಗೆ ಸರಿಸಿ
ದೊಡ್ಡ ಲೋಟದಲ್ಲಿ ನೀರು ಕುಡಿಯುತ್ತಿದ್ದ,
ಗಟಗಟ, ಗಲ್ಲದಿಂದ ಅಂಗಿಗೆ ಸುರಿಸಿಕೊಂಡು.
ಮುಗಿಯಲಿ ಅಂತ ನಿಂತೆ.
ಇನ್ನೊಂದು ಲೋಟ ಹಿಡಿದ.